ಟೈರಿನ ಕೊನೆಯ ಗೇಣು

ಸೈಕಲ್ ಟೈರು ರಿಮ್ಮಿನ ಮೇಲೆ ಮುಕ್ಕಾಲು ಸುತ್ತು ಸಲೀಸಾಗಿ ಕೂತುಬಿಡುತ್ತದೆ. ತಕರಾರು ಶುರುವಾಗುವುದು ಕೊನೆಯ ಗೇಣಿನಲ್ಲಿ. ಒತ್ತಿ ಒತ್ತಿ ಹೆಬ್ಬೆರಳುಗಳು ಬಿಳಿಚಿಕೊಳ್ಳುತ್ತವೆ, ಅಂಗೈ ಉರಿಯುತ್ತದೆ, ಈ ತುದಿಯನ್ನು ಒಳಗೆ ತಳ್ಳಿದರೆ ಆ ತುದಿ ಈಚೆ ಬರುತ್ತದೆ. ಆಗ ಕೈ ತಾನಾಗಿ ಹತ್ತಿರದ ಸ್ಕ್ರೂಡ್ರೈವರಿಗೋ ಸೌಟಿನ ಹಿಡಿಗೋ ಹೋಗುತ್ತದೆ. ಅದನ್ನು ಟೈರಿನ ಅಡಿಗೆ ಕೊಟ್ಟು ಮೀಟಿದರೆ ಟೈರೇನೋ ಟಪ್ಪೆಂದು ಒಳಗೆ ಹೋಗುತ್ತದೆ. ಆದರೆ ಗಾಳಿ ಹೊಡೆದು ಸ್ವಲ್ಪ ಹೊತ್ತಿಗೆ ಚಕ್ರ ಮತ್ತೆ ನೆಲಕ್ಕೆ ಕೂರುತ್ತದೆ. ಬಿಚ್ಚಿ ನೋಡಿದರೆ ಹೊಸ ಟ್ಯೂಬಿನ ಮೇಲೆ ಹಾವು ಕಚ್ಚಿದ ಗುರುತಿನಂತೆ ಅಕ್ಕಪಕ್ಕ ಎರಡು ತೂತು. ಮುಳ್ಳಿನಿಂದಲ್ಲ, ರಿಪೇರಿಯಿಂದಲೇ ಆದ ತೂತು ಅದು. ಈ ಕೊನೆಯ ಗೇಣನ್ನು ಟ್ಯೂಬಿಗೆ ಗಾಯವಾಗದಂತೆ ದಾಟಿಸುವ ಉಪಕರಣ ಇದೆ. ಅದು ಪ್ರತಿ ಸೈಕಲ್ ಅಂಗಡಿಯಲ್ಲೂ, ಮಕ್ಕಳು ಸೈಕಲ್ಲಿನಲ್ಲಿ ಬರುವ ಪ್ರತಿ ಪ್ರೌಢಶಾಲೆಯಲ್ಲೂ ಇರಬೇಕು ಎಂಬುದು ಈ ಲೇಖನದ ವಾದ. ಆದರೆ ಅದನ್ನು ಕೈಗೆತ್ತಿಕೊಳ್ಳುವ ಮೊದಲು ಟೈರು ಯಾಕೆ ಬಿಗಿಯಾಗಿದೆ ಎಂಬುದು ಗೊತ್ತಿರಬೇಕು. ಅದು ಗೊತ್ತಿಲ್ಲದವರ ಕೈಯಲ್ಲಿ ಎಂಥ ಒಳ್ಳೆಯ ಉಪಕರಣವೂ ಇನ್ನೊಂದು ಸ್ಕ್ರೂಡ್ರೈವರ್ ಆಗುತ್ತದೆ, ಅಷ್ಟೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎನಿಸಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರನ್ನೇ ತೆಗೆದುಕೊಳ್ಳಿ. ಅದು ಹೋಬಳಿ ಕೇಂದ್ರ. ಸುತ್ತ ತೆಂಗಿನ ತೋಟ, ರಾಗಿ ಹೊಲ, ಕೆರೆಗಳು. ಇಂಥ ಊರುಗಳಿಗೆ ಸುತ್ತಲಿನ ಹಳ್ಳಿಗಳಿಂದ ಶಾಲೆಗೆ ಬರುವ ಮಕ್ಕಳಿಗೆ, ಡೇರಿಗೆ ಹಾಲು ಒಯ್ಯುವವರಿಗೆ, ತೋಟಕ್ಕೆ ಹೋಗಿಬರುವವರಿಗೆ ಸೈಕಲ್ಲು ಇಂದಿಗೂ ಅಗ್ಗದ ಕಾಲು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಪೆಡಲ್ ತುಳಿದು ಶಾಲೆಗೆ ಹೋಗುವ ನೋಟ ಎಲ್ಲ ಕಡೆ ಕಾಣಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಹೊಸದು ಸಿಗದಿದ್ದಾಗ ಇರುವುದನ್ನೇ ಓಡಿಸಿಕೊಳ್ಳಬೇಕು. ಅಕ್ಕನ ಸೈಕಲ್ಲು ತಂಗಿಗೆ ಬರಬೇಕು. ಸೈಕಲ್ಲು ಮೂಲೆ ಸೇರಲು ಚೌಕಟ್ಟು ಮುರಿಯಬೇಕಿಲ್ಲ, ಪೆಡಲ್ ಕಿತ್ತುಬರಬೇಕಿಲ್ಲ, ಕೆರೆ ಅಂಗಳದ ಬಳ್ಳಾರಿ ಜಾಲಿಯ ಒಂದು ಮುಳ್ಳು ಸಾಕು. ಪಂಚರ್ ಹಾಕುವುದು ಸುಲಭ: ಟ್ಯೂಬ್ ಉಜ್ಜಿ, ಸಲೂಷನ್ ಹಚ್ಚಿ, ಆರಲು ಬಿಟ್ಟು, ಪ್ಯಾಚ್ ಒತ್ತಿದರೆ ಮುಗಿಯಿತು. ಮನೆಯಲ್ಲಿ ಅದನ್ನು ಮಾಡಿಕೊಳ್ಳಲು ಜನ ಹಿಂಜರಿಯುವುದು ಟೈರನ್ನು ತಿರುಗಿ ಕೂರಿಸುವ ಭಯಕ್ಕೆ.

ಬಿಗಿ ಎಂಬುದು ಚಕ್ರಕ್ಕೆ ಹೊಸದಲ್ಲ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಕಮ್ಮಾರರು ಹಳಿಯನ್ನು ಮರದ ಗಾಲಿಗಿಂತ ತುಸು ಚಿಕ್ಕದಾಗಿಯೇ ಬಗ್ಗಿಸುತ್ತಾರೆ. ಅದನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲಿಟ್ಟು, ತಕ್ಷಣ ನೀರು ಸುರಿಯುತ್ತಾರೆ. ಕಬ್ಬಿಣ ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಪಾಲು ಹಿಗ್ಗುತ್ತದೆ. ನಾಲ್ಕು ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಹನ್ನೆರಡೂವರೆ ಅಡಿ. ಬಿಸಿ ಐನೂರು ಡಿಗ್ರಿ ಏರಿದರೆ ಹಳಿ ಎರಡು ಸೆಂಟಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ತಣಿದಾಗ ಅಷ್ಟೂ ಬಿಗಿಯಾಗಿ ಅರೆಕಾಲುಗಳನ್ನು ಗುಂಬಕ್ಕೆ ಕಚ್ಚಿಸುತ್ತದೆ. ಅಲ್ಲಿ ಯಾರೂ ಹಳಿಯನ್ನು ಸುತ್ತಿಗೆಯಿಂದ ಬಡಿಬಡಿದು ಹತ್ತಿಸುವುದಿಲ್ಲ; ಮೊದಲು ಜಾಗ ಮಾಡಿಕೊಂಡು ಆಮೇಲೆ ಕೂರಿಸುತ್ತಾರೆ. ಸೈಕಲ್ ಟೈರಿನ ಅಂಚಿನೊಳಗೂ ಸುತ್ತಲೂ ಒಂದು ಉಕ್ಕಿನ ತಂತಿ ಇದೆ. ರಬ್ಬರಿನಂತೆ ಅದು ಎಳೆದರೆ ಹಿಗ್ಗದು, ರಬ್ಬರಿನೊಳಗೆ ಇರುವುದರಿಂದ ಬೆಂಕಿಗೂ ಹಿಡಿಯುವಂತಿಲ್ಲ. ಹಾಗಾದರೆ ಜಾಗ ಎಲ್ಲಿಂದ ಬರಬೇಕು? ಬಿಗಿ ಟೈರಿನ ಗುಟ್ಟೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ.

ಉತ್ತರ ಸಿಕ್ಕಿದ್ದು 1890ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಿದ್ದರು. ಆದರೆ ಆ ಟೈರನ್ನು ಚಕ್ರಕ್ಕೆ ಅಂಟಿಸಿ ಬಿಗಿಯಲಾಗುತ್ತಿತ್ತು. ಒಂದು ಪಂಚರ್ ಆದರೆ ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಿಸುವಷ್ಟರಲ್ಲಿ ದಿನವೇ ಹೋಗುತ್ತಿತ್ತು. 1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬುವರು ಟೈರಿನ ಅಂಚಿಗೆ ಹಿಗ್ಗದ ತಂತಿ ಹಾಕಿ, ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇಡುವ ಉಪಾಯ ಕಂಡುಹಿಡಿದರು. ಡನ್‌ಲಪ್ ಕಂಪನಿ ಆ ಪೇಟೆಂಟನ್ನು ಕೊಂಡುಕೊಂಡಿತು. ಫ್ರಾನ್ಸಿನ ಮಿಶೆಲಿನ್ ಸೋದರರು 1891ರಲ್ಲಿ ತಮ್ಮದೇ ಬೇರೆ ವಿಧಾನದ ಬಿಚ್ಚಿಹಾಕುವ ಟೈರನ್ನು ತಂದರು. ಅದೇ ವರ್ಷ ಷಾರ್ಲ್ ತೆರೋಂ ಆ ಟೈರಿನ ಮೇಲೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಪಂದ್ಯ ಗೆದ್ದರು. ಆದರೆ ಜಗತ್ತು ಕೊನೆಗೆ ಒಪ್ಪಿಕೊಂಡದ್ದು ವೆಲ್ಚ್ ದಾರಿಯನ್ನು: ಹಿಗ್ಗದ ತಂತಿ, ನಡುವೆ ತಗ್ಗು. ಇಂದು ನಮ್ಮ ಸೈಕಲ್ಲಿನಿಂದ ಹಿಡಿದು ಕಾರಿನ ಚಕ್ರದವರೆಗೆ ರಿಮ್ಮಿನ ನಡುವೆ ಕಾಣುವ ಆ ಹಳ್ಳಕ್ಕೆ ನೂರಮೂವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ನಡುಗಾಲುವೆ ಎಂದು ಕರೆಯೋಣ. ಟೈರು ಹಾಕುವವರಲ್ಲಿ ಬಹುಪಾಲು ಜನ ಈ ಕಾಲುವೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಕಾಲುವೆ ಎಂದರೆ ಬಾಗೂರಿನವರಿಗೆ ವಿವರಿಸಬೇಕಾಗಿಲ್ಲ. ಹೇಮಾವತಿಯ ನೀರು ತುಮಕೂರಿನತ್ತ ಹೋಗುವುದು ಬಾಗೂರು-ನವಿಲೆ ಸುರಂಗದ ಮೂಲಕ. ಅಡ್ಡ ಬಂದ ಎತ್ತರದ ನೆಲದ ನೆತ್ತಿಯ ಮೇಲೆ ನೀರನ್ನು ಎತ್ತಿ ಸುರಿಯುವ ಬದಲು, ಒಳಗೆ ತಗ್ಗಿನ ದಾರಿ ಕೊರೆದು ಅದನ್ನು ತಾನಾಗಿ ಹರಿಯಲು ಬಿಟ್ಟರು. ಟೈರಿನ ತಂತಿಗೂ ಬೇಕಾದದ್ದು ಇಂಥ ತಗ್ಗಿನ ದಾರಿಯೇ. ಗಾಳಿ ತುಂಬಿದಾಗ ತಂತಿ ಕೂರುವ ಪೀಠ ಬೇರೆ, ನಡುಗಾಲುವೆಯ ತಳ ಬೇರೆ. ಕಾಲುವೆ ಪೀಠಕ್ಕಿಂತ 3 ಮಿ.ಮೀ. ಆಳವಿದೆ ಎಂದಿಟ್ಟುಕೊಳ್ಳಿ. ಆಗಲೇ ಒಳಹೋದ ಅರ್ಧ ಸುತ್ತು ತಂತಿಯನ್ನು ಪೀಠದಿಂದ ಜಾರಿಸಿ ಕಾಲುವೆಗೆ ಇಳಿಸಿದರೆ ಆ ಅರ್ಧ ಸುತ್ತಿನ ದಾರಿ ಒಂಬತ್ತು ಮಿ.ಮೀ.ಗೂ ಹೆಚ್ಚು ಕಡಿಮೆಯಾಗುತ್ತದೆ. ಉಳಿದ ಆ ಸಡಿಲ ಎದುರು ಬದಿಯ ಕೊನೆಯ ಗೇಣಿಗೆ ಬಂದು ಸೇರುತ್ತದೆ. ಆದ್ದರಿಂದ ಟೈರು ಹಾಕುವಾಗ ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಬೇಕು. ವಾಲ್ವಿನ ಬುಡ ದಪ್ಪಗಿರುವುದರಿಂದ ಅಲ್ಲಿ ತಂತಿ ಕಾಲುವೆಗೆ ಇಳಿಯಲಾರದು. ಟ್ಯೂಬಿನ ಗಾಳಿಯನ್ನು ಪೂರ್ತಿ ಬಿಟ್ಟು, ವಾಲ್ವಿನ ನಟ್ಟನ್ನು ಸಡಿಲವಾಗಿಟ್ಟು, ಎದುರು ಬದಿಯಿಂದ ಎರಡೂ ಅಂಗೈಯಲ್ಲಿ ಟೈರನ್ನು ಹಿಂಡುತ್ತ ಹಿಂಡುತ್ತ ವಾಲ್ವಿನ ಕಡೆಗೆ ಸಡಿಲವನ್ನು ತಳ್ಳಿಕೊಂಡು ಬರಬೇಕು. ಇಷ್ಟು ಮಾಡಿದರೆ ಬಿಗಿಯೆಂದು ಹೆಸರಾದ ಎಷ್ಟೋ ಟೈರುಗಳು ಬರಿಗೈಗೇ ಬಗ್ಗುತ್ತವೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಹರಿಯದು, ರಿಮ್ಮಿನ ಕಾಲುವೆಯದೂ ಅದೇ ಕಥೆ. ಸ್ಪೋಕ್ಸಿನ ತುದಿಗಳು ಟ್ಯೂಬಿಗೆ ಚುಚ್ಚದಿರಲೆಂದು ಒಳಗೆ ಒಂದು ಪಟ್ಟಿ ಹಾಕಿರುತ್ತಾರೆ. ಅದು ಹರಿದಾಗ ಹಳೇ ಟ್ಯೂಬನ್ನು ಸೀಳಿ ಅದರ ಪಟ್ಟಿಯನ್ನೇ ಎರಡು ಸುತ್ತು ಸುತ್ತುವುದುಂಟು. ಒಂದು ಮಿ.ಮೀ. ದಪ್ಪ ಹೆಚ್ಚಾದರೂ ಅರ್ಧ ಸುತ್ತಿನಲ್ಲಿ ಮೂರು ಮಿ.ಮೀ. ಸಡಿಲ ಹೋಯಿತು. ಅದಕ್ಕಿಂತ ದೊಡ್ಡ ಮೋಸ ಅಳತೆಯದು. ಅಂಗಡಿಯಲ್ಲಿ ‘ಇಪ್ಪತ್ತಾರರ ಟೈರು’ ಎಂದು ಕೇಳಿದರೆ ಸಾಲದು, ಏಕೆಂದರೆ ಆ ಹೆಸರಿನಲ್ಲಿ ಹಲವು ಅಳತೆಗಳಿವೆ. ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿ: 37-590 ಎಂಬಂಥ ಜೋಡಿ ಸಂಖ್ಯೆ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ತಂತಿ ಕೂರುವ ವೃತ್ತದ ಅಡ್ಡಳತೆ, ಎರಡೂ ಮಿಲಿಮೀಟರುಗಳಲ್ಲಿ. 26 x 1⅜ ಎಂದರೆ 590, 26 x 1½ ಎಂದರೆ 584, ಗುಡ್ಡಗಾಡು ಸೈಕಲ್ಲುಗಳ ದಪ್ಪ 26 ಎಂದರೆ 559. ಕಡ್ಡಿ ಬ್ರೇಕಿನ ಹಳೇ ದೊಡ್ಡ ಸೈಕಲ್ಲಿನ 28 x 1½ ಟೈರು 635, ರೇಸಿನ ಸೈಕಲ್ಲಿನದು 622. ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಸ್ಟುಗಳು ಓಡಿಸುವ ತೆಳು ಚಕ್ರಗಳು ಈ ಕೊನೆಯ ಜಾತಿಯವು. 590ರ ರಿಮ್ಮಿಗೆ 584ರ ಟೈರು ತಂದರೆ ಅಡ್ಡಳತೆಯಲ್ಲಿ ಆರೇ ಮಿ.ಮೀ. ವ್ಯತ್ಯಾಸ, ಸುತ್ತಳತೆಯಲ್ಲಿ ಹತ್ತೊಂಬತ್ತು. ಆ ಹತ್ತೊಂಬತ್ತು ಮಿ.ಮೀ.ಯನ್ನು ಯಾವ ಉಪಕರಣದಿಂದಲೂ ಹುಟ್ಟಿಸಲಾಗದು. ಹಾಗೆ ಬಿಗಿಯಾದ ಟೈರನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿಯಾದ ರಿಪೇರಿ.

ಅಳತೆ ಸರಿಯಿದೆ, ಪಟ್ಟಿ ತೆಳ್ಳಗಿದೆ, ತಂತಿ ಕಾಲುವೆಯಲ್ಲಿದೆ, ಆದರೂ ಕೊನೆಯ ನಾಲ್ಕು ಬೆರಳಗಲ ಹತ್ತುತ್ತಿಲ್ಲ ಎನ್ನುವ ಸಂದರ್ಭ ಖಂಡಿತ ಬರುತ್ತದೆ. ಹೊಸ ಟೈರು ಗಡುಸಾಗಿರುತ್ತದೆ, ತೆಳು ರಿಮ್ಮಿನ ಕಾಲುವೆ ಆಳವಿರುವುದಿಲ್ಲ, ಹಾಕುವವರ ಕೈಗೆ ಶಕ್ತಿ ಸಾಲದಿರಬಹುದು. ಇಲ್ಲಿ ಉಪಕರಣ ಬೇಕೇ ಬೇಕು, ಮತ್ತು ಯಾವ ಉಪಕರಣ ಎನ್ನುವುದು ಮುಖ್ಯ. ಎಲ್ಲರಿಗೂ ಗೊತ್ತಿರುವ ಟೈರ್ ಲಿವರ್ ಮೂಲತಃ ಬಿಚ್ಚಲು ಹುಟ್ಟಿದ್ದು. ಹಾಕುವಾಗ ಅದನ್ನು ಬಳಸಿದರೆ ಅದರ ಮೂತಿ ರಿಮ್ಮಿನ ಅಂಚನ್ನು ದಾಟಿ ಒಳಗೆ ಹೋಗುತ್ತದೆ. ಒಳಗೆ ಇರುವುದು ಟ್ಯೂಬು. ಮೀಟಿದಾಗ ಲಿವರಿನ ಮೂತಿಗೂ ರಿಮ್ಮಿಗೂ ನಡುವೆ ಟ್ಯೂಬಿನ ಒಂದು ಮಡಿಕೆ ಸಿಕ್ಕಿಕೊಂಡರೆ ಆ ಜೋಡಿ ತೂತು ಆಯಿತು. ಟೈರ್ ಜ್ಯಾಕ್ ಎಂಬ ಉಪಕರಣ ಮಾಡುವುದು ಇದಕ್ಕೆ ತಿರುಗುಮುರುಗು. ಉದ್ದ ಹಿಡಿ, ಅದರ ತುದಿಯಲ್ಲೊಂದು ಆನಿಕೆ, ಆನಿಕೆಯ ಹತ್ತಿರ ತಿರುಗುವ ಒಂದು ಕೊಕ್ಕೆ. ಆನಿಕೆಯನ್ನು ರಿಮ್ಮಿನ ಆಚೆ ಅಂಚಿಗೆ, ಅಂದರೆ ಟೈರು ಆಗಲೇ ಕೂತಿರುವ ಬದಿಗೆ ಒರಗಿಸುತ್ತಾರೆ. ಕೊಕ್ಕೆ ಚಕ್ರವನ್ನು ದಾಟಿ ಈಚೆ ಬದಿಯಲ್ಲಿ ಹೊರಗೆ ನೇತಾಡುತ್ತಿರುವ ಟೈರಿನ ಅಂಚನ್ನು ಅಡಿಯಿಂದ ಹಿಡಿಯುತ್ತದೆ. ಹಿಡಿಯನ್ನು ತಿರುಗಿಸಿದರೆ ಅದು ಟೈರನ್ನು ಹೊರಗಿನಿಂದ ಎತ್ತಿ ರಿಮ್ಮಿನ ಮೇಲೆ ದಾಟಿಸಿ ಒಳಗೆ ಬೀಳಿಸುತ್ತದೆ. ಚೂಪಾದ ಯಾವುದೂ ಟ್ಯೂಬಿರುವ ಜಾಗಕ್ಕೆ ಹೋಗುವುದೇ ಇಲ್ಲ. ಹಿಡಿ 20 ಸೆಂ.ಮೀ., ಕೊಕ್ಕೆಯ ತೋಳು 4 ಸೆಂ.ಮೀ. ಇದ್ದರೆ ಕೈಯ ಹತ್ತು ಕಿಲೋ ಒತ್ತಡ ಕೊಕ್ಕೆಯಲ್ಲಿ ಐವತ್ತು ಕಿಲೋ ಆಗುತ್ತದೆ. ಹೊರದೇಶಗಳಲ್ಲಿ ಕೂಲ್ ಸ್ಟಾಪ್ ಎಂಬ ಕಂಪನಿಯ ಪ್ಲಾಸ್ಟಿಕ್ ಜ್ಯಾಕ್, ಫ್ರಾನ್ಸಿನ ವಾರ್ ಕಂಪನಿಯ ಚಿಕ್ಕ ಜ್ಯಾಕ್ ಸೈಕಲ್ ಸವಾರರಿಗೆ ಪರಿಚಿತ. ತತ್ವ ಮಾತ್ರ ಯಾವ ಕಂಪನಿಯದೂ ಅಲ್ಲ. ಬಂಡೆ ಮೀಟುವ ಹಾರೆಯಲ್ಲಿರುವುದೂ ಅದೇ ಸನ್ನೆಯ ತತ್ವ.

ಇದಕ್ಕೆ ಮೊದಲ ಆಕ್ಷೇಪ ಅನುಭವಸ್ಥ ಮೆಕ್ಯಾನಿಕ್ಕುಗಳಿಂದ ಬರುತ್ತದೆ. ಮೂವತ್ತು ವರ್ಷದಿಂದ ಎರಡು ಕಬ್ಬಿಣದ ಲಿವರಿನಲ್ಲೇ ಟೈರು ಹಾಕುತ್ತಿದ್ದೇವೆ, ಎಷ್ಟೋ ಸಲ ಅದೂ ಬೇಡ, ಈ ಜ್ಯಾಕ್ ಯಾರಿಗೆ ಬೇಕು ಎಂಬುದು ಅವರ ಮಾತು. ಮಾತು ಸತ್ಯ. ಪಳಗಿದ ಕೈ ಟ್ಯೂಬ್ ಎಲ್ಲಿ ಮಡಿಸಿದೆ ಎಂದು ಹೊರಗಿನಿಂದಲೇ ಬಲ್ಲದು. ಹೆಸರು ಗೊತ್ತಿಲ್ಲದಿದ್ದರೂ ನಡುಗಾಲುವೆಯನ್ನು ಅದು ಎಂದೋ ಕಂಡುಕೊಂಡಿದೆ. ಆದರೆ ತೆಂಗಿನ ಸೀಮೆಯವರು ಇನ್ನೊಂದು ಕೆಲಸವನ್ನು ನೆನೆಯಬೇಕು. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯನ್ನು ಕುಟ್ಟಿ, ಮೂರು ತಿರುವಿಗೆ ಸಿಪ್ಪೆ ಬಿಡಿಸುವ ಆಳಿಗೆ ಯಾವ ಯಂತ್ರವೂ ಬೇಡ. ಆದರೂ ಇಂದು ಎಷ್ಟೋ ಮನೆಗಳಲ್ಲಿ ಹಿಡಿ ಎತ್ತಿದರೆ ಬಾಯಿ ತೆರೆಯುವ ಕಾಯಿ ಸುಲಿಯುವ ಸಾಧನ ಇದೆ. ಒಂದೇ ಕಾಯಿ ಬೇಕಾದಾಗ ಮನೆಯ ಹೆಂಗಸರಾಗಲೀ ವಯಸ್ಸಾದವರಾಗಲೀ ಕೈ ಗಾಯ ಮಾಡಿಕೊಳ್ಳದೆ ಸುಲಿಯಲಿ ಎಂಬುದಕ್ಕೆ ಅದು ಇರುವುದು. ಅದು ಬಂತೆಂದು ಸುಲಿಯುವವರ ಕಸುಬು ಕೀಳಾಗಲಿಲ್ಲ. ಹತ್ತಾರು ವರ್ಷದ ಅಭ್ಯಾಸ ಒಬ್ಬರ ಕೈಗೆ ಕೊಟ್ಟದ್ದರಲ್ಲಿ ಸ್ವಲ್ಪ ಪಾಲನ್ನು ಎಲ್ಲರ ಕೈಗೂ ಹಂಚುವುದೇ ಉಪಕರಣದ ಕೆಲಸ. ಸೈಕಲ್ ಅಂಗಡಿ ಇರುವ ಊರಿನಿಂದ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸಂಜೆ ತಾನೇ ಪಂಚರ್ ಹಾಕಿಕೊಂಡು ಮರುದಿನ ಬೆಳಗ್ಗೆ ಶಾಲೆಗೆ ಹೋಗುವಂತಾದರೆ ಟೈರ್ ಜ್ಯಾಕ್ ಹುಟ್ಟಿದ್ದು ಸಾರ್ಥಕ.

ಎರಡನೆಯ ಆಕ್ಷೇಪ ಬೇರೆ ದಿಕ್ಕಿನದು: ಇಷ್ಟೆಲ್ಲ ಪಾಡೇಕೆ, ಟೈರನ್ನೇ ತುಸು ಸಡಿಲವಾಗಿ ಮಾಡಬಾರದೇ? ಮಾಡಬಾರದು. ದೊಡ್ಡ ಸೈಕಲ್ಲಿನ ಟೈರಿನೊಳಗೆ ಪ್ರತಿ ಚದರ ಅಂಗುಲಕ್ಕೂ ನಲವತ್ತರಿಂದ ಐವತ್ತು ಪೌಂಡ್ ಒತ್ತಡದ ಗಾಳಿ ಇರುತ್ತದೆ. ರೇಸಿನ ತೆಳು ಟೈರಿನಲ್ಲಿ ಅದು ನೂರರ ಹತ್ತಿರ ಹೋಗುತ್ತದೆ. ಆ ಗಾಳಿ ಸದಾ ಟೈರನ್ನು ರಿಮ್ಮಿನಿಂದ ಹೊರಕ್ಕೆ ನೂಕುತ್ತಿರುತ್ತದೆ. ತಡೆದು ಹಿಡಿಯುವುದು ಆ ಹಿಗ್ಗದ ತಂತಿ ಮತ್ತು ರಿಮ್ಮಿನ ಅಂಚು. ತಂತಿ ಸಡಿಲವಿದ್ದರೆ ಇಳಿಜಾರಿನಲ್ಲಿ, ತಿರುವಿನಲ್ಲಿ, ಹಿಂದೆ ಹಾಲಿನ ಕ್ಯಾನು ಇರುವಾಗ ಟೈರು ಹಾರಿ ಟ್ಯೂಬು ಸಿಡಿಯುತ್ತದೆ. ಬಿಗಿ ಎಂದರೆ ಸುರಕ್ಷತೆ. ಆದ್ದರಿಂದಲೇ ತಂತಿಯನ್ನು ಕತ್ತರಿಸಿ ಜೋಡಿಸುವುದಾಗಲೀ, ರಿಮ್ಮಿನ ಅಂಚನ್ನು ಅರದಿಂದ ಉಜ್ಜುವುದಾಗಲೀ ಜೀವದ ಜೊತೆ ಆಡುವ ಆಟ. ಉಪಕರಣದ ವಿಷಯದಲ್ಲೂ ಇದೇ ಎಚ್ಚರ ಬೇಕು. ಐದು ಪಟ್ಟು ಬಲ ಕೊಡುವ ಸಾಧನ ತಪ್ಪು ಅಳತೆಯ ಟೈರನ್ನು ಹತ್ತಿಸುವ ಹಟಕ್ಕೂ ಐದು ಪಟ್ಟು ಬಲ ಕೊಡುತ್ತದೆ. ಒಳಗಿನ ತಂತಿ ಬಗ್ಗಿದರೆ ಅಥವಾ ಎಳೆ ಕಿತ್ತರೆ ಹೊರಗೆ ಏನೂ ಕಾಣದು. ಜ್ಯಾಕನ್ನು ಕೊನೆಯ ನಾಲ್ಕು ಬೆರಳಿಗೆ ಮಾತ್ರ, ಒಂದೊಂದೇ ಬೆರಳಗಲ ಮುಂದೆ ಸರಿಸುತ್ತ ಬಳಸಬೇಕು. ಒಂದೇ ಏಟಿಗೆ ಗೇಣಿಡೀ ಎತ್ತಲು ಹೋದರೆ ಕೊಕ್ಕೆ ಮುರಿಯುತ್ತದೆ, ಇಲ್ಲವೇ ಟೈರು ಕೆಡುತ್ತದೆ.

ಸೋಪಿನ ನೀರು ಹಚ್ಚಿದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಸೋಪಿನ ನೀರು ಒಳ್ಳೆಯದೇ: ರಬ್ಬರು ರಿಮ್ಮಿನ ಮೇಲೆ ಜಾರುತ್ತದೆ, ಒಣಗಿದ ಮೇಲೆ ಮತ್ತೆ ಹಿಡಿದುಕೊಳ್ಳುತ್ತದೆ. ಆದರೆ ಅದು ಘರ್ಷಣೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ತಂತಿಯನ್ನು ಉದ್ದ ಮಾಡುವುದಿಲ್ಲ. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲ್ಲನ್ನೋ ಗ್ರೀಸನ್ನೋ ಮಾತ್ರ ಹಚ್ಚಬಾರದು, ಅದು ರಬ್ಬರನ್ನು ಊದಿಸಿ ತಿನ್ನುತ್ತದೆ. ಇನ್ನು ಖರ್ಚಿನ ಮಾತು. ಆಮದಾದ ಜ್ಯಾಕ್ ಒಂದು ಮನೆಗೆ ದುಬಾರಿಯೆನಿಸಬಹುದು, ಒಪ್ಪಬೇಕಾದ್ದೇ. ಆದರೆ ಇದು ಮನೆಗೊಂದು ಬೇಕಾದ ವಸ್ತುವಲ್ಲ. ಶಾಲೆಗೊಂದು, ಅಂಗಡಿಗೊಂದು ಇದ್ದರೆ ವರ್ಷಗಟ್ಟಲೆ ನೂರಾರು ಚಕ್ರಗಳಿಗೆ ಸಾಕು. ಇದರಲ್ಲಿ ಹೊಳಪಿನ ತಂತ್ರಜ್ಞಾನವೂ ಇಲ್ಲ: ಒಂದು ಪಟ್ಟಿ ಕಬ್ಬಿಣ, ಒಂದು ಬೋಲ್ಟು, ಬಗ್ಗಿಸಿದ ಒಂದು ಕೊಕ್ಕೆ. ನೇಗಿಲು, ಕುಡುಗೋಲು ಮಾಡುವ ಕುಲುಮೆಯಲ್ಲಾಗಲೀ ಊರಿನ ವೆಲ್ಡಿಂಗ್ ಶಾಪಿನಲ್ಲಾಗಲೀ ಇದನ್ನು ಮಾಡಿಸಬಹುದು. ಕೊಕ್ಕೆಯ ಅಂಚುಗಳನ್ನು ನುಣ್ಣಗೆ ಅರ ಹಾಕಿ, ರಿಮ್ಮಿಗೆ ತಾಗುವ ಆನಿಕೆಗೆ ಹಳೇ ಟ್ಯೂಬಿನ ತುಂಡೊಂದನ್ನು ಸುತ್ತಬೇಕು, ಅದು ಮುಖ್ಯ. ಜ್ಯಾಕ್ ಇಲ್ಲವೆಂದಾದರೆ ಕನಿಷ್ಠ ಮೊಂಡು ಮೂತಿಯ ಪ್ಲಾಸ್ಟಿಕ್ ಲಿವರುಗಳಾದರೂ ಇರಲಿ. ಸ್ಕ್ರೂಡ್ರೈವರಿನ ಜಾಗ ಸ್ಕ್ರೂವಿನ ತಲೆ, ಟ್ಯೂಬಿನ ಪಕ್ಕವಲ್ಲ.

ಟೈರು ಒಳಗೆ ಬಿತ್ತೆಂದು ಕೆಲಸ ಮುಗಿಯುವುದಿಲ್ಲ. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಬೇಕು, ಟೈರಿನ ಅಂಚಿನಡಿ ಸಿಕ್ಕಿದ ಟ್ಯೂಬು ಆಗ ಬಿಡಿಸಿಕೊಳ್ಳುತ್ತದೆ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಎರಡೂ ಬದಿಯಲ್ಲಿ ಟೈರನ್ನು ಬೆರಳಿನಿಂದ ಸರಿಸಿ ಟ್ಯೂಬ್ ಎಲ್ಲಾದರೂ ಇಣುಕುತ್ತಿದೆಯೇ ನೋಡಬೇಕು. ಅರ್ಧ ಗಾಳಿ ಹೊಡೆದು ನಿಲ್ಲಿಸಿ, ಟೈರಿನ ಪಕ್ಕದಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಓಡುವ ತೆಳು ಗೆರೆಯನ್ನು ಗಮನಿಸಬೇಕು. ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿದ್ದರೆ ತಂತಿ ಕಾಲುವೆಯಿಂದ ಎದ್ದು ತನ್ನ ಪೀಠದಲ್ಲಿ ಸರಿಯಾಗಿ ಕೂತಿದೆ ಎಂದರ್ಥ. ಆಮೇಲೆ ಪೂರ್ತಿ ಗಾಳಿ, ಆಮೇಲೆ ವಾಲ್ವಿನ ನಟ್ಟು. ಇಷ್ಟನ್ನೂ ಒಂದು ಪೀರಿಯಡ್ಡಿನಲ್ಲಿ ಹೇಳಿಕೊಡಬಹುದು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಸನ್ನೆ ಇದೆ, ಘರ್ಷಣೆ ಇದೆ, ಒತ್ತಡ ಇದೆ. ಗಣಿತ ಪುಸ್ತಕದಲ್ಲಿ ವೃತ್ತದ ಸುತ್ತಳತೆ ಇದೆ. ಇವೆಲ್ಲವೂ ಒಂದೇ ಕಡೆ ಕೈಗೆ ಸಿಗುವ ಜಾಗ ಪಂಚರ್ ಆದ ಚಕ್ರ.

ಆದ್ದರಿಂದ ಬಾಗೂರಿನಂಥ ಊರುಗಳ ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಹಳೇ ವಿದ್ಯಾರ್ಥಿ ಸಂಘಗಳಲ್ಲಿ ಒಂದು ಕೋರಿಕೆ. ಒಂದು ಪಂಪು, ಒಂದು ಡಬ್ಬಿ ಸಲೂಷನ್ ಮತ್ತು ಪ್ಯಾಚು, ಎರಡು ಮೊಂಡು ಲಿವರು, ಒಂದು ಟೈರ್ ಜ್ಯಾಕ್, ಇವನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಕ್ಕಳ ಕೈಗೆ ಎಟುಕುವ ಕಡೆ ಇಡಿ. ಊರಿನ ಸೈಕಲ್ ಮೆಕ್ಯಾನಿಕ್ಕನ್ನು ವರ್ಷಕ್ಕೆ ಒಂದು ಮಧ್ಯಾಹ್ನ ಗೌರವದಿಂದ ಕರೆಸಿ, ಅವರ ಕೈ ಬಲ್ಲದ್ದನ್ನು ಮಕ್ಕಳಿಗೆ ತೋರಿಸಿಕೊಡಿ ಎಂದು ಕೇಳಿ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮೂರು ಸಾಲು ಬರೆದು ಅಂಟಿಸಿ: ಮೊದಲು ನಂಬರ್ ನೋಡು. ತಂತಿಯನ್ನು ಕಾಲುವೆಗೆ ಇಳಿಸು. ಕೊನೆಯ ನಾಲ್ಕು ಬೆರಳಿಗೆ ಮಾತ್ರ ಜ್ಯಾಕ್ ಹಿಡಿ.